ಅಂಡಮಾನಿನ ಕೊನೆಯ ರಾತ್ರಿ ಎಲ್ಲಿ ತಂಗಬೇಕು, ಕೊನೆಯ ಸಂಜೆ ಯಾವ ದಾರಿ ಹಿಡಿಯಬೇಕು?

ಅವ್ವನ ತವರು ಲಿಂಗಸುಗೂರು ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಹೊಳೆಯ ನಡುವಿನ ಗಡ್ಡೆಯಲ್ಲಿ ನಮ್ಮ ನೆಂಟರ ಹೊಲಗಳಿದ್ದವು, ಕೆಲವರ ಮನೆಗಳೂ ಅಲ್ಲೇ ಇದ್ದವು. ಮರುದಿನ ಮದುವೆಗೋ, ಕೋರ್ಟಿನ ವಾಯಿದೆಗೋ, ರಾಯಚೂರಿನ ಆಸ್ಪತ್ರೆಗೋ ಹೋಗಬೇಕಾದವರು ಹಿಂದಿನ ಸಂಜೆಯೇ ಹರಿಗೋಲಿನಲ್ಲಿ ಈಚೆ ದಂಡೆಗೆ ಬಂದು ಅಜ್ಜನ ಪಡಸಾಲೆಯಲ್ಲಿ ಮಲಗುತ್ತಿದ್ದರು. ರಾತ್ರಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಬೆಳಗ್ಗೆ ಹರಿಗೋಲು ನೀರಿಗಿಳಿಯುವುದಿಲ್ಲ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಪಯಣವಿದ್ದರೆ ಮುನ್ನಾ ದಿನವೇ ಹೊಳೆ ದಾಟಬೇಕು, ಅಷ್ಟೇ.

ಅಂಡಮಾನಿಗೆ ಮೊದಲ ಸಲ ಹೋದಾಗ ನನಗೆ ಇದು ನೆನಪಾಗಲಿಲ್ಲ. ದಸರಾ ರಜೆಯಲ್ಲಿ ನಾವು ಐವರು ಹೋಗಿದ್ದೆವು: ಅವ್ವ, ಹೆಂಡತಿ, ಇಬ್ಬರು ಮಕ್ಕಳು ಮತ್ತು ನಾನು. ಕೊನೆಯ ರಾತ್ರಿ ಸ್ವರಾಜ್ ದ್ವೀಪದಲ್ಲಿ, ಬೆಳಗ್ಗೆ ಮೊದಲ ಹಡಗು, ಮಧ್ಯಾಹ್ನ ಎರಡಕ್ಕೆ ಪೋರ್ಟ್ ಬ್ಲೇರ್‌ನಿಂದ ವಿಮಾನ. ಕಾಗದದ ಮೇಲೆ ನಡುವೆ ಎರಡೂವರೆ ಗಂಟೆ ಬಿಡುವಿತ್ತು. ರಾತ್ರಿಯೆಲ್ಲ ಗಾಳಿ ಬೀಸಿತು. ಬೆಳಗ್ಗೆ ಜೆಟ್ಟಿಗೆ ಹೋದರೆ ಸಮುದ್ರ ಸರಿಯಿಲ್ಲ, ಹಡಗು ಬಿಡುವುದಿಲ್ಲ ಎಂದರು. ಯಾರ ತಪ್ಪೂ ಅಲ್ಲ. ಅಂಥ ಸಮುದ್ರದಲ್ಲಿ ಬಿಡದಿರುವುದೇ ಸರಿ. ಆದರೆ ವಿಮಾನ ನಮಗಾಗಿ ಕಾಯಲಿಲ್ಲ. ಐದು ಟಿಕೆಟ್ ಮತ್ತೆ ಕೊಳ್ಳಬೇಕಾಯಿತು, ಬೆಂಗಳೂರಿನಿಂದ ಬಳ್ಳಾರಿಗೆ ಕಾದಿರಿಸಿದ್ದ ರೈಲಿನ ಸೀಟುಗಳು ಹೋದವು. ಅವ್ವ ಜೆಟ್ಟಿಯ ಕಟ್ಟೆಯ ಮೇಲೆ ಕುಳಿತು ನೀರು ನೋಡುತ್ತಾ, "ನಿನ್ನೆಯೇ ದಾಟಬೇಕಿತ್ತಪ್ಪ" ಎಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೂರು ವರ್ಷದ ನಂತರ, ಫೆಬ್ರವರಿಯಲ್ಲಿ, ಮತ್ತೆ ಹೋದೆವು. ಆ ಸಲ ಎಲ್ಲವನ್ನೂ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಈಗ ಬಳ್ಳಾರಿ, ಸಿರುಗುಪ್ಪ, ಗಂಗಾವತಿ ಕಡೆಯಿಂದ ಅಂಡಮಾನಿಗೆ ಹೋಗುವ ಕುಟುಂಬಗಳು ಹೆಚ್ಚಾಗಿವೆ. ಕೇಂದ್ರ ಸರ್ಕಾರಿ ನೌಕರರು ಎಲ್‌ಟಿಸಿ ಎಂಬ ರಜೆ ಪ್ರವಾಸದ ಸವಲತ್ತಿನಲ್ಲಿ ಹೋಗುತ್ತಾರೆ, ಭತ್ತದ ಸುಗ್ಗಿ ಮುಗಿಸಿದವರು ಮಕ್ಕಳ ರಜೆಗೆ ಹೊಂದಿಸಿಕೊಂಡು ಹೋಗುತ್ತಾರೆ. ಹೊರಡುವ ಮೊದಲು ನನ್ನನ್ನು ಕೇಳುವವರ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: ಕೊನೆಯ ದಿನವನ್ನು ಏನು ಮಾಡುವುದು? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೊರ ದ್ವೀಪವೋ, ಪೋರ್ಟ್ ಬ್ಲೇರೋ?

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟ್ಯಾಕ್ಸಿಯವರ ಬಾಯಲ್ಲಿ ಹಳೆಯ ಹೆಸರುಗಳೇ ಓಡಾಡುತ್ತವೆ. ಒಂದೇ ಊರಿಗೆ ಎರಡು ಹೆಸರು ಕಂಡು ಎರಡು ಊರೆಂದು ತಿಳಿದು ಲಾಡ್ಜ್ ಬುಕ್ ಮಾಡಿದವರನ್ನು ನಾನು ಬಲ್ಲೆ.

ಕೊನೆಯ ರಾತ್ರಿಗೆ ಸ್ವರಾಜ್ ದ್ವೀಪವನ್ನು ಆರಿಸಿಕೊಳ್ಳುವವರ ಮನಸ್ಸು ನನಗೆ ಅರ್ಥವಾಗುತ್ತದೆ. ರಾಧಾನಗರದ ಕಡಲತೀರ ಪಶ್ಚಿಮಕ್ಕೆ ಮುಖ ಮಾಡಿದೆ; ಉದ್ದಕ್ಕೆ ಬಿಳಿ ಮರಳು, ಹಿಂದೆ ದಟ್ಟ ಕಾಡು, ಮುಂದೆ ಮುಳುಗುವ ಸೂರ್ಯ. ಪ್ರವಾಸವನ್ನು ಅಂಥ ಸಂಜೆಯಿಂದ ಮುಗಿಸಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಜೆಟ್ಟಿಯಿಂದ ಅಲ್ಲಿಗೆ ಸುಮಾರು 12 ಕಿ.ಮೀ. ದಾರಿ, ಅಡಿಕೆ ಮತ್ತು ತೆಂಗಿನ ತೋಟಗಳ ನಡುವೆ. ಇನ್ನೊಂದು ಕಡೆ ಕಾಲಾಪತ್ಥರ್‌ಗೆ ಹೋಗುವ ರಸ್ತೆ ಕಡಲ ಅಂಚನ್ನೇ ಹಿಡಿದು ಸಾಗುತ್ತದೆ. ಇವೆರಡೂ ಚೆಂದವೇ.

ಆದರೆ ಅಲ್ಲಿಂದ ವಿಮಾನ ನಿಲ್ದಾಣದವರೆಗೆ ಸಮುದ್ರವಿದೆ. ಖಾಸಗಿ ಹಡಗಿಗೆ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಹಡಗಿಗೆ ಎರಡರಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ಹೆಚ್ಚಿನ ವೇಗದ ಹಡಗುಗಳು ಬೆಳಗ್ಗೆ ಪೋರ್ಟ್ ಬ್ಲೇರ್‌ನಿಂದ ಹೊರಟು, ದ್ವೀಪಗಳನ್ನು ಮುಟ್ಟಿ, ಮಧ್ಯಾಹ್ನವೋ ಸಂಜೆಯೋ ಹಿಂದಿರುಗುತ್ತವೆ. ವಿಮಾನಗಳು ಇದಕ್ಕೆ ತದ್ವಿರುದ್ಧ: ಹೆಚ್ಚಿನವು ಬೆಳಗಿನಿಂದ ಮಧ್ಯಾಹ್ನದೊಳಗೆ ಹಾರಿಬಿಡುತ್ತವೆ. ಈ ಎರಡು ವೇಳಾಪಟ್ಟಿಗಳು ಹೊರಡುವ ದಿನ ಒಂದಕ್ಕೊಂದು ಕೂಡುವುದೇ ಕಷ್ಟ, ಕೂಡಿದರೂ ನಡುವಿನ ಬಿಡುವು ಗಾಳಿಯ ಕೈಯಲ್ಲಿರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು, ಅದರ ಬೆನ್ನಿಗೇ ಹಿಂಗಾರು ಮತ್ತು ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. ನಮ್ಮ ದಸರಾ ರಜೆ ಸರಿಯಾಗಿ ಈ ಎರಡರ ಸಂದಿಯಲ್ಲಿ ಬರುತ್ತದೆ.

ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತವಾಗಿರುವ ದಿನಗಳೇ ಹೆಚ್ಚು. ಆಗ ಹೊರ ದ್ವೀಪದಲ್ಲಿ ಉಳಿಯಬಹುದಲ್ಲ ಎಂದು ಕೇಳುತ್ತಾರೆ. ನನ್ನ ಉತ್ತರ ಆಗಲೂ ಅದೇ. ಉಳಿದರೆ ಆ ಕೊನೆಯ ರಾತ್ರಿ ನಿಮಗೆ ನಿದ್ದೆ ಸರಿಯಾಗಿ ಬರುವುದಿಲ್ಲ, ಗಾಳಿಯ ಸದ್ದಿಗೆ ಎಚ್ಚರವಾಗುತ್ತಿರುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಬಂದು ನಮ್ಮ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡದ್ದನ್ನು ಕಂಡವರು ನಾವು. ಹಿಂದಿನ ದಿನವಷ್ಟೇ ಕಾಲಳತೆಯಂತೆ ಕಾಣುತ್ತಿದ್ದ ದೂರ ಒಂದೇ ದಿನದಲ್ಲಿ ಹೆಲಿಕಾಪ್ಟರ್ ಬೇಕಾಗುವ ದೂರವಾಯಿತು.

ಹಾಗಾದರೆ ರಾಧಾನಗರದ ಸಂಜೆಯನ್ನು ಕಳೆದುಕೊಳ್ಳಬೇಕೇ? ಬೇಕಿಲ್ಲ. ಪ್ರವಾಸವನ್ನು ತಿರುಗಿಸಿ ಹಾಕಿ. ಸಾಮಾನ್ಯವಾಗಿ ಪ್ಯಾಕೇಜಿನಲ್ಲಿ ಮೊದಲ ಎರಡು ದಿನ ಪೋರ್ಟ್ ಬ್ಲೇರ್, ಆಮೇಲೆ ಹೊರ ದ್ವೀಪಗಳು, ಕೊನೆಗೆ ಓಡೋಡಿ ಬಂದು ವಿಮಾನ. ನಾವು ಎರಡನೆಯ ಸಲ ಮಾಡಿದ್ದು ಹೀಗೆ: ಬೆಳಗಿನ ವಿಮಾನದಲ್ಲಿ ಇಳಿದ ದಿನವೇ ಮಧ್ಯಾಹ್ನದ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ, ಅಲ್ಲಿ ಎರಡು ರಾತ್ರಿ, ಶಹೀದ್ ದ್ವೀಪದಲ್ಲಿ ಒಂದು ರಾತ್ರಿ, ಉಳಿದ ಎರಡು ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ. ಸೆಲ್ಯುಲಾರ್ ಜೈಲು, ಹಳೆಯ ಮರದ ಗಿರಣಿಯಿರುವ ಚಾಥಂ, ಪೇಟೆ ಎಲ್ಲವನ್ನೂ ಕೊನೆಗೆ ಇಟ್ಟುಕೊಂಡೆವು. ಹೀಗೆ ಮಾಡಿದರೆ ಹಡಗು ಒಂದು ದಿನ ತಡವಾದರೂ ಹೋಗುವುದು ಜೈಲು ನೋಡುವ ದಿನ ಮಾತ್ರ, ವಿಮಾನವಲ್ಲ. ವಿಮಾನ ಇಳಿಯುವ ದಿನ ಹಡಗು ಸಿಗುವುದು ಅನುಮಾನವಾದರೆ ಮೊದಲ ರಾತ್ರಿಯನ್ನೂ ಪೋರ್ಟ್ ಬ್ಲೇರ್‌ನಲ್ಲೇ ಕಳೆದು ಮರುದಿನ ಬೆಳಗ್ಗೆ ಹೊರಡಿ. ಕೊನೆಯ ರಾತ್ರಿಯ ಲೆಕ್ಕ ಬದಲಾಗುವುದಿಲ್ಲ.

ಶಹೀದ್ ದ್ವೀಪದ ಬಗ್ಗೆ ಬೇರೆ ಹೇಳುವುದೇನಿಲ್ಲ. ಸಣ್ಣದು, ನಿಧಾನದ್ದು, ನನಗೆ ಸ್ವರಾಜ್ ದ್ವೀಪಕ್ಕಿಂತ ಹೆಚ್ಚು ಇಷ್ಟ. ಕೊನೆಯ ರಾತ್ರಿಗೆ ಅದೂ ಅಷ್ಟೇ ಅಪಾಯ.

ಪೋರ್ಟ್ ಬ್ಲೇರ್‌ನಲ್ಲಿ ಎಲ್ಲಿ?

ಇಲ್ಲಿ ನಿಜವಾದ ಆಯ್ಕೆಗಳು ನಾಲ್ಕು. ಅಬರ್ಡೀನ್ ಬಜಾರಿನ ಸುತ್ತ, ವಿಮಾನ ನಿಲ್ದಾಣದ ಹತ್ತಿರ, ಕಾರ್ಬಿನ್ಸ್ ಕೋವ್ ಕಡಲತೀರದ ಕಡೆ, ಇಲ್ಲವೇ ಊರಿನಿಂದ ದೂರ ಚಿಡಿಯಾ ಟಾಪು ಅಥವಾ ವಂಡೂರಿನ ಹಾದಿಯಲ್ಲಿ.

ವಿಮಾನ ನಿಲ್ದಾಣದ ಹತ್ತಿರ ಉಳಿಯುವುದಕ್ಕೆ ಜನ ಕೊಡುವ ಕಾರಣ ಬೆಳಗಿನ ಅವಸರ. ಆದರೆ ಈ ಊರಿನಲ್ಲಿ ನಿಲ್ದಾಣವೇ ಪೇಟೆಯಿಂದ ಮೂರು ನಾಲ್ಕು ಕಿ.ಮೀ. ದೂರದಲ್ಲಿದೆ. ಬಳ್ಳಾರಿಯಲ್ಲಿ ಕೌಲ್ ಬಜಾರಿನಿಂದ ಸ್ಟೇಷನ್ನಿಗೆ ಹೋದಂತೆ. ಅಷ್ಟಕ್ಕಾಗಿ ನೋಟವಿಲ್ಲದ ಕೋಣೆಯಲ್ಲಿ ಕೊನೆಯ ರಾತ್ರಿ ಕಳೆಯುವ ಅಗತ್ಯ ನನಗೆ ಕಾಣುವುದಿಲ್ಲ. ಬೆಳಗ್ಗೆ ಏಳರೊಳಗಿನ ವಿಮಾನವಿದ್ದರೆ, ಜೊತೆಗೆ ಮೊಣಕಾಲು ನೋವಿನ ಹಿರಿಯರಿದ್ದರೆ ಆ ಮಾತು ಬೇರೆ.

ಅಬರ್ಡೀನ್ ಬಜಾರು ಅಗ್ಗ. ಕೋಣೆಗಳು ಹೆಚ್ಚು, ಜೆಟ್ಟಿ ಹತ್ತಿರ, ಸೆಲ್ಯುಲಾರ್ ಜೈಲಿಗೆ ನಡೆದೇ ಹೋಗಬಹುದು. ಸಸ್ಯಾಹಾರಿಗಳಿಗೆ ಇದು ದೊಡ್ಡ ಅನುಕೂಲ: ತಮಿಳರ ಮೆಸ್‌ಗಳಲ್ಲಿ ಇಡ್ಲಿ, ದೋಸೆ, ಬಾಳೆ ಎಲೆಯ ಊಟ ಸಿಗುತ್ತದೆ. ಬಳ್ಳಾರಿಯವರಿಗೆ ಇನ್ನೊಂದು ಲಾಭವಿದೆ. ಪೋರ್ಟ್ ಬ್ಲೇರ್‌ನಲ್ಲಿ ತೆಲುಗು ಮಾತನಾಡುವ ಕುಟುಂಬಗಳು ಬಹಳ ಇವೆ. ಹಿಂದಿ ತಡವರಿಸುವ ನನ್ನ ಅವ್ವ ಹಣ್ಣಿನ ಅಂಗಡಿಯವಳ ಜೊತೆ ತೆಲುಗಿನಲ್ಲಿ ಅರ್ಧ ಗಂಟೆ ಮಾತನಾಡಿ, ಅವಳ ಮಗಳ ಮದುವೆಯ ವಿಚಾರದವರೆಗೂ ತಿಳಿದುಕೊಂಡು ಬಂದಳು. ಬಜಾರಿನ ತೊಂದರೆ ಎಂದರೆ ಗದ್ದಲ, ಇಕ್ಕಟ್ಟು, ಮತ್ತು ಕಿಟಕಿ ತೆರೆದರೆ ಎದುರಿನ ಕಟ್ಟಡದ ಗೋಡೆ. ದ್ವೀಪಕ್ಕೆ ಬಂದು ಕೊನೆಯ ಬೆಳಗನ್ನು ಗೋಡೆ ನೋಡುತ್ತಾ ಕಳೆಯಬೇಕಾಗುತ್ತದೆ.

ಕಾರ್ಬಿನ್ಸ್ ಕೋವ್ ಕಡೆ ಕೋಣೆಗಳು ಕಡಿಮೆ, ಬಾಡಿಗೆ ಹೆಚ್ಚು. ಆದರೂ ನಾನು ಸೂಚಿಸುವುದು ಇದನ್ನೇ. ಪೇಟೆಯಿಂದ ಏಳೆಂಟು ಕಿ.ಮೀ. ಒಳಗೇ ಇದೆ, ವಿಮಾನ ನಿಲ್ದಾಣವೂ ದೂರವಲ್ಲ. ತೆಂಗಿನ ಸಾಲು, ಕೊಲ್ಲಿಯ ಆಕಾರದ ಸಣ್ಣ ತೀರ. ಮುಖ್ಯವಾಗಿ ಅದು ದ್ವೀಪದ ಪೂರ್ವದ ಅಂಚು, ಬೆಳಗು ಅಲ್ಲಿಂದಲೇ ಏಳುತ್ತದೆ. ಮಧ್ಯಾಹ್ನದ ವಿಮಾನವಿದ್ದವರಿಗೆ ಬೆಳಗ್ಗೆ ಐದೂವರೆಯಿಂದ ಒಂಬತ್ತರವರೆಗೆ ಇಡೀ ಒಂದು ಕಡಲ ಬೆಳಗು ಉಡುಗೊರೆಯಾಗಿ ಸಿಗುತ್ತದೆ, ಯಾವ ಹಡಗಿನ ಚಿಂತೆಯೂ ಇಲ್ಲದೆ. ಹಣ ಉಳಿಸಬೇಕಾದವರು ಐದು ರಾತ್ರಿಗಳಲ್ಲಿ ನಾಲ್ಕನ್ನು ಅಗ್ಗದ ಕಡೆ ಕಳೆದು ಈ ಒಂದಕ್ಕೆ ಖರ್ಚು ಮಾಡಲಿ. ಹಾಗೆ ಉಳಿಯುವಾಗ ಸಂಜೆಯ ಊಟವನ್ನು ಪೇಟೆಯಲ್ಲೇ ಮುಗಿಸಿಕೊಂಡು ಬನ್ನಿ. ಆ ಕಡೆ ರಾತ್ರಿ ಅಂಗಡಿಗಳು ಕಡಿಮೆ, ಇರುವ ಹೋಟೆಲುಗಳಲ್ಲಿ ಮೀನೇ ಮುಖ್ಯ. ನಾವು ಮನೆಯಿಂದ ತಂದಿದ್ದ ಕಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿಗಳನ್ನು ಕೊನೆಯ ರಾತ್ರಿಗೆಂದೇ ಉಳಿಸಿಕೊಂಡಿದ್ದೆವು. ಮೊಸರು ಪೇಟೆಯಲ್ಲಿ ಸಿಕ್ಕಿತು.

ಚಿಡಿಯಾ ಟಾಪು ಮತ್ತು ವಂಡೂರಿನ ಹಾದಿಯ ತಂಗುದಾಣಗಳು ಕಾಡಿನ ನಡುವೆ, ಮೌನದಲ್ಲಿ ಇವೆ. ಗಂಡ ಹೆಂಡತಿ ಇಬ್ಬರೇ ಹೋದವರಿಗೆ, ವಿಮಾನ ಹನ್ನೆರಡರ ನಂತರ ಇದ್ದರೆ, ಒಳ್ಳೆಯ ಆಯ್ಕೆ. ಮಕ್ಕಳು, ಹಿರಿಯರು ಇರುವವರಿಗೆ ನಾನು ಹೇಳುವುದಿಲ್ಲ. ರಾತ್ರಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಔಷಧದ ಅಂಗಡಿಗೂ ಮುಕ್ಕಾಲು ಗಂಟೆ ಕತ್ತಲ ದಾರಿ.

ಸೂರ್ಯನ ಗಡಿಯಾರ

ದಾರಿಗಳ ಮಾತಿಗೆ ಮೊದಲು ಇದನ್ನು ಹೇಳಲೇಬೇಕು. ನಮ್ಮ ಊರಿನವರು ಕೊನೆಯ ಸಂಜೆಯನ್ನು ಕಳೆದುಕೊಳ್ಳುವುದೇ ಇಲ್ಲಿ. ಬಳ್ಳಾರಿಗೂ ಪೋರ್ಟ್ ಬ್ಲೇರ್‌ಗೂ ಗಡಿಯಾರ ಒಂದೇ, ಸೂರ್ಯ ಬೇರೆ. ಬಳ್ಳಾರಿ ಸುಮಾರು 77 ಡಿಗ್ರಿ ರೇಖಾಂಶದಲ್ಲಿದೆ, ಪೋರ್ಟ್ ಬ್ಲೇರ್ 93ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಅಲ್ಲಿ ಎಲ್ಲವೂ ಸುಮಾರು ಒಂದು ಗಂಟೆ ಮೊದಲು. ಡಿಸೆಂಬರ್‌ನಲ್ಲಿ ಸಂಜೆ ಐದರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ, ಫೆಬ್ರವರಿ, ಮಾರ್ಚ್‌ನಲ್ಲಿ ಐದೂವರೆಯ ಹೊತ್ತಿಗೆ. ನಮ್ಮಲ್ಲಿ ಮಿರ್ಚಿ ಬಂಡಿಯ ಎಣ್ಣೆ ಕಾಯುವ ಹೊತ್ತಿಗೆ ಅಲ್ಲಿ ಕತ್ತಲಾಗಿರುತ್ತದೆ. ಮಧ್ಯಾಹ್ನ ಊಟ ಮಾಡಿ, ಸ್ವಲ್ಪ ಮಲಗಿ, ನಾಲ್ಕಕ್ಕೆ ಹೊರಡೋಣ ಎನ್ನುವ ನಮ್ಮ ಬಿಸಿಲೂರಿನ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ನಾಲ್ಕಕ್ಕೆ ಹೊರಟವರು ಚಿಡಿಯಾ ಟಾಪು ಮುಟ್ಟುವಾಗ ಆಕಾಶದಲ್ಲಿ ಉಳಿದಿರುವುದು ಬೂದಿ ಬಣ್ಣ.

ಯಾವ ದಾರಿ?

ಚಿಡಿಯಾ ಟಾಪು ದಕ್ಷಿಣ ಅಂಡಮಾನಿನ ತೆಂಕಣ ತುದಿ, ಪೇಟೆಯಿಂದ ಸುಮಾರು 25 ಕಿ.ಮೀ. ಅಲ್ಲಿಗೆ ಎರಡು ರೀತಿಯಲ್ಲಿ ಹೋಗಬಹುದು: ಗಾರಾಚರ್ಮ ಮೂಲಕ ಒಳದಾರಿ, ಇಲ್ಲವೇ ಕಾರ್ಬಿನ್ಸ್ ಕೋವ್‌ನಿಂದ ಬರ್ಮಾನಾಲಾ, ರಂಗಚಾಂಗ್ ಕಡೆಗೆ ಕಡಲ ಅಂಚಿನ ದಾರಿ. ಚಾಲಕರು ಬೇಗ ಮುಟ್ಟುವ ಒಳದಾರಿಯನ್ನು ಹಿಡಿಯುತ್ತಾರೆ. ಹೋಗುವಾಗ ಕಡಲ ದಾರಿ, ಬರುವಾಗ ಒಳದಾರಿ ಎಂದು ಮೊದಲೇ ಮಾತನಾಡಿಕೊಳ್ಳಿ. ಬರುವಾಗ ಹೇಗೂ ಕತ್ತಲು, ಕಾಣುವುದೇನೂ ಇರುವುದಿಲ್ಲ.

ಆ ಕಡಲ ದಾರಿಯೇ ನನಗೆ ಇಡೀ ಪ್ರವಾಸದ ಒಳ್ಳೆಯ ಭಾಗ. ಎಡಕ್ಕೆ ಸಮುದ್ರ ಎಷ್ಟು ಹತ್ತಿರ ಎಂದರೆ ಕಾರಿನ ಕಿಟಕಿಯಿಂದ ಬಂಡೆಗಳ ನಡುವೆ ನೀರು ಇಳಿದೇರುವುದು ಕಾಣುತ್ತದೆ. ಕಾರ್ಬಿನ್ಸ್ ಕೋವ್ ಹತ್ತಿರ ಕೆಲವು ಕಡೆ ಕಾಂಕ್ರೀಟಿನ ಗೂಡುಗಳು ಸಿಗುತ್ತವೆ. ಅವು 1942ರಿಂದ 1945ರವರೆಗೆ ಈ ದ್ವೀಪಗಳನ್ನು ಹಿಡಿದಿದ್ದ ಜಪಾನಿ ಸೈನಿಕರ ಬಂಕರ್‌ಗಳು. ಮುಂದೆ ಊರುಗಳು ಸಣ್ಣದಾಗುತ್ತಾ ಹೋಗುತ್ತವೆ, ತೆಂಗು, ಬಾಳೆ, ಅಂಗಳದಲ್ಲಿ ಒಣಹಾಕಿದ ಬಲೆ. ಗಂಗಾವತಿಯಿಂದ ಆನೆಗೊಂದಿ, ಸಾಣಾಪುರದ ಕಡೆ ಹೋಗುವಾಗ ಒಂದು ತಿರುವಿಗೆ ಬಂಡೆ, ಇನ್ನೊಂದು ತಿರುವಿಗೆ ಗದ್ದೆ ಎದುರಾಗುತ್ತದಲ್ಲ, ಅದೇ ಲಯ. ಗದ್ದೆಯ ಜಾಗದಲ್ಲಿ ಕಡಲು. ಕೊನೆಯ ಕೆಲವು ಕಿ.ಮೀ. ದಟ್ಟ ಕಾಡು. ಮರಗಳು ರಸ್ತೆಯ ಮೇಲೆ ಬಾಗಿ ಮೂರು ಗಂಟೆಗೇ ಮಸುಕು ಬೆಳಕು. ಬೇಸಿಗೆಯಲ್ಲಿ ಕಲ್ಲು ಗುಡ್ಡದ ಕಾವು ಉಂಡು ಬೆಳೆದ ನಮಗೆ ಆ ಹಸಿರಿನ ತಂಪು ಮೈಗೆ ತಾಗುವ ರೀತಿಯೇ ಬೇರೆ. ಅವ್ವ ಕಿಟಕಿಯ ಹೊರಗೆ ಅಂಗೈ ಚಾಚಿಕೊಂಡೇ ಕುಳಿತಿದ್ದಳು.

ತುದಿಯಲ್ಲಿ ಮುಂಡಾ ಪಹಾಡ್ ತೀರವಿದೆ. ಅಲ್ಲಿಂದ ಕಾಡಿನೊಳಗೆ ಕಾಲುದಾರಿ ಹಿಡಿದರೆ ಗುಡ್ಡದ ತುದಿಯಿಂದ ಕಡಲು ಕಾಣುತ್ತದೆ. ನಡೆಯಬಲ್ಲವರು ಎರಡೂವರೆಗೆ ಅಲ್ಲಿ ಇರುವಂತೆ ಹೊರಟರೆ ಗುಡ್ಡ ಹತ್ತಿಳಿದು ಸೂರ್ಯಾಸ್ತಕ್ಕೆ ತೀರಕ್ಕೆ ಮರಳಬಹುದು. ಹಿರಿಯರು ತೀರದ ಬೆಂಚಿನಲ್ಲೇ ಕುಳಿತರೂ ಕಳೆದುಕೊಳ್ಳುವುದು ಹೆಚ್ಚಿಲ್ಲ. ಎದುರಿನ ಸಣ್ಣ ದ್ವೀಪಗಳು ಒಂದೊಂದಾಗಿ ಕಪ್ಪಾಗುತ್ತವೆ, ನೀರು ಮಾತ್ರ ಬಹಳ ಹೊತ್ತು ಬೆಳಕನ್ನು ಬಿಡುವುದಿಲ್ಲ. ಈಜಲು ಇಳಿಯಬೇಡಿ. ಉಪ್ಪುನೀರಿನ ಮೊಸಳೆಗಳಿರುವ ಕಡಲಿದು, ಎಚ್ಚರಿಕೆಯ ಫಲಕಗಳನ್ನು ಸುಮ್ಮನೆ ಹಾಕಿಲ್ಲ.

ವಂಡೂರು ಎರಡನೆಯ ದಾರಿ, ನೈಋತ್ಯಕ್ಕೆ, ದೂರ ಹೆಚ್ಚು ಕಡಿಮೆ ಅಷ್ಟೇ. ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ದೋಣಿಗಳು ಹೊರಡುವುದು ಅಲ್ಲಿಂದಲೇ. ನೋಟಕ್ಕೆ ಚಿಡಿಯಾ ಟಾಪು ಮೇಲು ಎಂದು ಹೇಳುತ್ತೇನೆ, ಆದರೆ ರೈತರಾಗಿದ್ದರೆ ವಂಡೂರಿನ ದಾರಿಯನ್ನು ಬಿಡಬೇಡಿ. ನಡುವೆ ಸಿಪ್ಪಿಘಾಟ್ ಎಂಬ ಜಾಗ ಸಿಗುತ್ತದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಸುನಾಮಿಯ ನೀರು ಬಂದು ಹೋಗುತ್ತದೆ. ಕುಸಿದ ನೆಲಕ್ಕೆ ಬಂದ ಕಡಲು ಹೋಗಲಿಲ್ಲ. ಗದ್ದೆಗಳಾಗಿದ್ದ ಜಾಗದಲ್ಲಿ ಇಂದಿಗೂ ಉಪ್ಪು ನೀರು ನಿಂತಿದೆ, ನಡುವೆ ಒಣಗಿದ ಮರಗಳ ಬೊಡ್ಡೆಗಳು, ಅವುಗಳ ಮೇಲೆ ಕೊಕ್ಕರೆಗಳು. ಪ್ರವಾಸಿಗರು ಅದನ್ನು ಸುಂದರ ಕೆರೆಯೆಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ತುಂಗಭದ್ರಾ ಕಾಲುವೆಯ ಕೆಳಗೆ ನೀರು ನಿಂತು ನಿಂತು ಸವಳಾದ ಹೊಲಗಳನ್ನು ನೋಡಿದವನು ನಾನು. ಬಿಳಿ ಉಪ್ಪು ಮೇಲೆದ್ದ ನೆಲದ ಮುಂದೆ ಸಿರುಗುಪ್ಪದ ನನ್ನ ಮಾವ ನಿಂತಿದ್ದ ರೀತಿ ನೆನಪಾಗಿ, ಕಾರು ನಿಲ್ಲಿಸಲು ಹೇಳಿದೆ. ಫೋಟೋ ತೆಗೆಯಲಾಗಲಿಲ್ಲ. ವಂಡೂರಿನ ತೀರದಲ್ಲೂ ಅಂಥವೇ ಬಿದ್ದ ದೊಡ್ಡ ಮರಗಳಿವೆ. ಪಶ್ಚಿಮದ ತೀರವಾದ್ದರಿಂದ ಸೂರ್ಯಾಸ್ತ ಅಲ್ಲೂ ಸಿಗುತ್ತದೆ.

ಮೂರನೆಯದು ಮೌಂಟ್ ಹ್ಯಾರಿಯಟ್. 2021ರಿಂದ ಅದರ ಹೆಸರು ಮೌಂಟ್ ಮಣಿಪುರ. 1891ರ ಯುದ್ಧದಲ್ಲಿ ಸೋತ ಮಣಿಪುರದ ಮಹಾರಾಜ ಕುಲಚಂದ್ರ ಸಿಂಗ್ ಮತ್ತು ಅವರ ಸಂಗಡಿಗರನ್ನು ಬ್ರಿಟಿಷರು ಅಲ್ಲಿ ಇರಿಸಿದ್ದರು. ಚಾಥಂನಿಂದ ವಾಹನ ಸಮೇತ ದೋಣಿಯಲ್ಲಿ ಬಾಂಬೂ ಫ್ಲಾಟ್‌ಗೆ ದಾಟಿ, ಅಲ್ಲಿಂದ ಕಾಡಿನ ಏರು ಹತ್ತಬೇಕು. ಹಳೆಯ ಕೆಂಬಣ್ಣದ 20 ರೂಪಾಯಿ ನೋಟಿನ ಹಿಂದೆ ಇದ್ದ ದೀಪಸ್ತಂಭ ಮತ್ತು ತಾಳೆ ಮರಗಳ ನೋಟ ಈ ಬೆಟ್ಟದ ಕಡೆಯದು, ಮಕ್ಕಳಿಗೆ ಹಳೆಯ ನೋಟೊಂದನ್ನು ಕೈಗೆ ಕೊಟ್ಟು ಹುಡುಕಲು ಹೇಳಿ. 1872ರ ಫೆಬ್ರವರಿ 8ರಂದು ವೈಸ್‌ರಾಯ್ ಲಾರ್ಡ್ ಮೇಯೊ ಸೂರ್ಯಾಸ್ತ ನೋಡಲೆಂದೇ ಈ ಬೆಟ್ಟ ಹತ್ತಿದ್ದ. ಕತ್ತಲಲ್ಲಿ ಇಳಿದು ಕೆಳಗಿನ ಹೋಪ್‌ಟೌನ್ ಜೆಟ್ಟಿಗೆ ಬಂದಾಗ ಶೇರ್ ಅಲಿ ಅಫ್ರೀದಿ ಎಂಬ ಕೈದಿ ಅವನನ್ನು ಇರಿದು ಕೊಂದ. ಇಂದು ಬೆಟ್ಟದ ರಾಷ್ಟ್ರೀಯ ಉದ್ಯಾನದ ಬಾಗಿಲು ಸಂಜೆಗೂ ಮೊದಲೇ ಮುಚ್ಚುವುದರಿಂದ ಇದು ಬೆಳಗಿನ ದಾರಿ. ಕೊನೆಯ ಪೂರ್ಣ ದಿನ ಕೈಯಲ್ಲಿದ್ದರೆ ಬೆಳಗ್ಗೆ ಮೌಂಟ್ ಮಣಿಪುರ, ಮಧ್ಯಾಹ್ನ ಊಟದ ನಂತರ ಕೂಡಲೇ ಚಿಡಿಯಾ ಟಾಪು. ಅರ್ಧ ದಿನವೇ ಇದ್ದರೆ ಚಿಡಿಯಾ ಟಾಪು ಒಂದೇ ಸಾಕು.

ಬಾರಾಟಾಂಗ್ ಬೇಡ. ಸುಣ್ಣದಕಲ್ಲಿನ ಗುಹೆಗಳಿವೆ, ಕೆಸರು ಜ್ವಾಲಾಮುಖಿ ಇದೆ, ನಿಜ. ಆದರೆ ಸುಮಾರು 100 ಕಿ.ಮೀ. ದೂರ, ಜಿರ್ಕಾಟಾಂಗ್‌ನಿಂದ ನಿಗದಿತ ಹೊತ್ತಿಗೆ ಪೊಲೀಸ್ ಕಾವಲಿನಲ್ಲಿ ಸಾಲಾಗಿ ಹೊರಡುವ ವಾಹನಗಳ ಜೊತೆಗೇ ಹೋಗಬೇಕು, ಹಾಗೆಯೇ ಬರಬೇಕು. ಒಂದು ಸಾಲು ತಪ್ಪಿದರೆ ಇಡೀ ದಿನ ತಪ್ಪುತ್ತದೆ. ಆ ರಸ್ತೆ ಹಾದುಹೋಗುವುದು ಜಾರವಾ ಎಂಬ ಆದಿವಾಸಿ ಜನರ ಕಾಡಿನ ನಡುವೆ. ಅಲ್ಲಿ ನಿಲ್ಲುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿನಿಸು ಕೊಡುವಂತಿಲ್ಲ. ನಿಯಮವಿಲ್ಲದಿದ್ದರೂ ಇನ್ನೊಬ್ಬರ ಮನೆಯಂಗಳವನ್ನು ಗಾಜಿನಾಚೆಯಿಂದ ನೋಡಲು ಹೋಗುವುದು ನನಗೆ ಸರಿಕಾಣುವುದಿಲ್ಲ.

ಸ್ಕೂಟರ್ ಬಾಡಿಗೆಗೆ ಸಿಗುತ್ತದೆ, ಟ್ಯಾಕ್ಸಿಗಿಂತ ಬಹಳ ಅಗ್ಗ. ಸ್ವರಾಜ್ ದ್ವೀಪದಲ್ಲಿ ಹಗಲು ಹೊತ್ತು ಅದೇ ಚೆಂದ. ಚಿಡಿಯಾ ಟಾಪುವಿನಿಂದ ಹಿಂದಿರುಗುವುದು ಮಾತ್ರ ಕತ್ತಲಲ್ಲಿ, ತಿರುವುಗಳ ಕಾಡುದಾರಿಯಲ್ಲಿ, ಬೀದಿದೀಪವಿಲ್ಲದೆ. ಮರುದಿನ ವಿಮಾನ ಹತ್ತಬೇಕಾದವರು ಆ ಒಂದು ಸಂಜೆಗೆ ಟ್ಯಾಕ್ಸಿ ಮಾಡಿಕೊಳ್ಳಿ. ದರವನ್ನು ಕಾಯುವ ಹೊತ್ತೂ ಸೇರಿಸಿ ಮಾತನಾಡಿ. ಸೂರ್ಯ ಮುಳುಗಿದ ಮೇಲೂ ಕಾಲು ಗಂಟೆ ಇರುತ್ತೇವೆ ಎಂದು ಮೊದಲೇ ಹೇಳಿ, ಏಕೆಂದರೆ ನಿಜವಾದ ಬಣ್ಣ ಬರುವುದು ಆಮೇಲೆ, ಚಾಲಕರು ಅವಸರ ಮಾಡುವುದೂ ಆಗಲೇ.

ಬೆಳಗ್ಗೆ ಹೊರಡುವ ಮುನ್ನ ಮಕ್ಕಳ ಜೇಬು, ಚೀಲ ಎರಡನ್ನೂ ತಡವಿ ನೋಡಿ. ತೀರದಲ್ಲಿ ಆಯ್ದ ಹವಳದ ತುಂಡು, ಕಪ್ಪೆಚಿಪ್ಪು, ಶಂಖಗಳನ್ನು ಒಯ್ಯಲು ಅನುಮತಿಯಿಲ್ಲ, ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕುತ್ತವೆ. ಕೊಳ್ಳಬೇಕೆಂದರೆ ಸರ್ಕಾರಿ ಮಳಿಗೆ ಸಾಗರಿಕಾದಲ್ಲಿ ಕೊಂಡು ರಸೀದಿಯನ್ನು ಕೈಚೀಲದಲ್ಲಿಟ್ಟುಕೊಳ್ಳಿ. ಮಗ ಆಯ್ದುಕೊಂಡಿದ್ದ ಏಳು ಚಿಪ್ಪುಗಳನ್ನು ಕಾರ್ಬಿನ್ಸ್ ಕೋವ್‌ನ ನೀರಿಗೇ ಒಂದೊಂದಾಗಿ ಹಿಂದಿರುಗಿಸಿದ, ಅದಕ್ಕೇ ಅರ್ಧ ಗಂಟೆ ಹಿಡಿಯಿತು. ನಮಗೆ ಅವಸರವಿರಲಿಲ್ಲ.

ಬೆಂಗಳೂರಿಗೆ ನೇರ ವಿಮಾನವಾದರೆ ಸುಮಾರು ಎರಡೂವರೆ ಗಂಟೆ. ಮಧ್ಯಾಹ್ನ ಹೊರಟರೆ ಸಂಜೆಯೊಳಗೆ ಇಳಿದು, ಊರೊಳಗಿನ ಸಂಚಾರಕ್ಕೆ ಎರಡು ಗಂಟೆ ಕೊಟ್ಟರೂ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಸಿಗುತ್ತದೆ. ಚೆನ್ನೈ ಮೂಲಕ ಬರುವವರು ಅದೇ ರಾತ್ರಿಯ ರೈಲನ್ನು ನಂಬಬೇಡಿ. ನಾವು ಬಳ್ಳಾರಿಯಲ್ಲಿ ಇಳಿದಾಗ ಸ್ಟೇಷನ್ನಿನ ಹೊರಗೆ ಆಟೋಗಳ ದೀಪ ಇನ್ನೂ ಉರಿಯುತ್ತಿತ್ತು, ಗುಡ್ಡದ ಮೇಲಿನ ಕೋಟೆ ಕಾಣುವಷ್ಟು ಬೆಳಕೂ ಆಗಿರಲಿಲ್ಲ. ಮಗಳು ನನ್ನ ಕೈಗಡಿಯಾರ ತಿರುಗಿಸಿ ನೋಡಿ, ಅಲ್ಲಿ ಈಗ ಬಿಸಿಲು ಬಂದಿರುತ್ತದೆ ಎಂದಳು.